ಕೈಗೆ ಪಾಠ ಹೇಳಿದ ಆಚಾರ್ಯ ಸುಶ್ರುತ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸಂತೆಗಳಲ್ಲಿ ಸೋರೆ, ಸೌತೆ, ಬೂದುಗುಂಬಳ, ಕಲ್ಲಂಗಡಿಗಳು ರಾಶಿಗೊಂಡಿರುವುದನ್ನು ಕಾಣದವರಾರು? ಅಡುಗೆಗೂ ಬಾಯಾರಿಕೆಗೂ ನಾವು ಕೊಂಡೊಯ್ಯುವ ಈ ಕಾಯಿಹಣ್ಣುಗಳೇ ಒಂದು ಕಾಲದಲ್ಲಿ ಭರತಖಂಡದ ಶಸ್ತ್ರವೈದ್ಯನ ಮೊದಲ ಪಾಠಗಳಾಗಿದ್ದುವು. ಮನುಷ್ಯನ ಮೈಯನ್ನು ಕತ್ತರಿಸುವುದಕ್ಕೆ ಮುನ್ನ ಶಿಷ್ಯನು ಸೋರೆಕಾಯಿಯನ್ನು ಕತ್ತರಿಸಬೇಕು, ನರವನ್ನು ಚುಚ್ಚುವುದಕ್ಕೆ ಮುನ್ನ ನೈದಿಲೆಯ ದಂಟನ್ನು ಚುಚ್ಚಬೇಕು ಎಂದು ವಿಧಿಸಿದವನು ಸುಶ್ರುತಾಚಾರ್ಯ. ಅವನ ಹೆಸರನ್ನು ಕೇಳದವರು ವಿರಳ. ಆದರೆ ಅವನು ಕೈಗೆ ವಿದ್ಯೆ ಕಲಿಸಲು ಹೂಡಿದ ಉಪಾಯವನ್ನು ತಿಳಿದವರು ಅಷ್ಟು ಮಂದಿಯಿಲ್ಲ.

ಪ್ರತಿಯೊಬ್ಬ ಶಸ್ತ್ರವೈದ್ಯನ ಬಾಳಿನಲ್ಲಿಯೂ ಅವನು ಮೊದಲನೆಯ ಸಲ ಶಸ್ತ್ರವನ್ನು ಕೈಗೆತ್ತಿಕೊಳ್ಳುವ ದಿನವೊಂದು ಬರಲೇಬೇಕು. ಆ ದಿನ ಕೈ ನಡುಗುವುದು ಸಹಜ, ತಪ್ಪುವುದೂ ಸಹಜ. ಆದರೆ ಆ ತಪ್ಪಿನ ಬೆಲೆಯನ್ನು ತೆರಬೇಕಾದವರು ಯಾರು? ಲೋಕದ ಬಹುಭಾಗದಲ್ಲಿ, ಬಹುಕಾಲದವರೆಗೆ, ಅದನ್ನು ತೆತ್ತವನು ಬಡರೋಗಿ. ಬೇರೆಡೆಗೆ ಹೋಗಲು ಶಕ್ತಿಯಿಲ್ಲದವನು, ಎದುರಿಗೆ ನಿಂತ ವೈದ್ಯನು ಹೊಸಬನೋ ಪಳಗಿದವನೋ ಎಂದು ಕೇಳಲಾರದವನು. ಈ ಅನ್ಯಾಯಕ್ಕೆ ಪರಿಹಾರವೊಂದನ್ನು ಅತಿ ಪುರಾತನ ಕಾಲದಲ್ಲಿಯೇ ಬರೆದಿಟ್ಟವನ ಚರಿತ್ರೆಯನ್ನು ನಮ್ಮ ಸೀಮೆಯವರು ಇಂದು ನೆನೆಯುವುದು ಉಚಿತವಾಗಿದೆ. ಅದಕ್ಕೆ ಕಾರಣವು ಮುಂದೆ ತಾನಾಗಿ ತಿಳಿದುಬರುವುದು.

ಸುಶ್ರುತನು ವಿಶ್ವಾಮಿತ್ರನ ಮಗನೆಂದು ಅವನ ಹೆಸರಿನ ಸಂಹಿತೆಯೇ ಹೇಳುತ್ತದೆ. ಮಹಾಭಾರತದ ಅನುಶಾಸನ ಪರ್ವದಲ್ಲಿ ಬರುವ ವಿಶ್ವಾಮಿತ್ರ ಪುತ್ರರ ಪಟ್ಟಿಯಲ್ಲಿಯೂ ಈ ಹೆಸರು ಇದೆ. ಹೆಸರಿನ ಅರ್ಥ ಚೆನ್ನಾಗಿ ಕೇಳಿದವನು ಎಂದು. ಚೆನ್ನಾಗಿ ಕೇಳಿಬಂದವನು, ಅಂದರೆ ಪ್ರಸಿದ್ಧನು, ಎಂದೂ ಹೇಳಬಹುದು. ಕೇಳಿ ಕಲಿಯುವುದೇ ವಿದ್ಯೆಯ ಹಾದಿಯಾಗಿದ್ದ ನಾಡಿನಲ್ಲಿ ಹೀಗೆ ಹೆಸರು ಪಡೆದವನೇ, ಕೇಳಿದ ಮಾತ್ರಕ್ಕೆ ಸಾಲದು, ಮಾಡಿ ಕಲಿಯಬೇಕು ಎಂದು ಸಾರಿದ್ದು ಸೋಜಿಗವಲ್ಲವೆ?

ಸಂಹಿತೆಯ ಮೊದಲ ಅಧ್ಯಾಯವೇ ಅವನ ಜೀವನದ ಮುಖ್ಯ ಘಟನೆಯನ್ನು ಕಣ್ಣಮುಂದೆ ತರುತ್ತದೆ. ಕಾಶೀರಾಜನಾದ ದಿವೋದಾಸನು ಆಶ್ರಮದಲ್ಲಿದ್ದಾನೆ. ಅವನು ಧನ್ವಂತರಿಯ ಅವತಾರವೆಂದು ಸಂಪ್ರದಾಯ. ಅವನ ಬಳಿಗೆ ಔಪಧೇನವ, ವೈತರಣ, ಔರಭ್ರ, ಪೌಷ್ಕಲಾವತ, ಕರವೀರ್ಯ, ಗೋಪುರರಕ್ಷಿತ, ಸುಶ್ರುತ ಮೊದಲಾದವರು ಬರುತ್ತಾರೆ. ಕಾಯುವವರಿದ್ದೂ ದಿಕ್ಕಿಲ್ಲದವರಂತೆ ರೋಗದಿಂದ ನರಳುವ ಜನರನ್ನು ಕಂಡು ತಮಗೆ ಸಂಕಟವಾಗಿದೆಯೆಂದೂ, ಆಯುರ್ವೇದವನ್ನು ಉಪದೇಶಿಸಬೇಕೆಂದೂ ಬಿನ್ನವಿಸುತ್ತಾರೆ. ಎಂಟು ಅಂಗಗಳಲ್ಲಿ ಯಾವುದನ್ನು ಹೇಳಲಿ ಎಂದು ಗುರುವು ಕೇಳಿದಾಗ ಶಲ್ಯತಂತ್ರವನ್ನೇ, ಎಂದರೆ ಶಸ್ತ್ರವೈದ್ಯವನ್ನೇ, ಮೂಲವಾಗಿಟ್ಟುಕೊಂಡು ಎಲ್ಲವನ್ನೂ ಹೇಳಬೇಕೆಂಬುದು ಅವರ ಉತ್ತರ. ತಮ್ಮೆಲ್ಲರ ಪರವಾಗಿ ಪ್ರಶ್ನೆ ಕೇಳಲು ಅವರು ಸುಶ್ರುತನನ್ನು ಆರಿಸುತ್ತಾರೆ. ಉಳಿದವರು ಕೇಳಿ ಗ್ರಹಿಸುವರು. ಹೀಗೆ ಸಹಪಾಠಿಗಳ ವಿಶ್ವಾಸದಿಂದ ಮುಂದೆ ಬಂದ ಒಬ್ಬ ಶಿಷ್ಯನ ಹೆಸರೇ ಗ್ರಂಥಕ್ಕೂ ಶಾಸ್ತ್ರಕ್ಕೂ ಅಂಟಿತು.

ಅವನ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ರಿಸ್ತಪೂರ್ವ ಆರನೆಯ ಶತಮಾನದಿಂದ ಕ್ರಿಸ್ತಶಕದ ಆರಂಭದ ಶತಮಾನಗಳವರೆಗೆ ನಾನಾ ಊಹೆಗಳುಂಟು. ಗ್ರಂಥವು ಒಂದೇ ಕೈಯಿಂದ, ಒಂದೇ ಕಾಲದಲ್ಲಿ ಇಂದಿನ ರೂಪಕ್ಕೆ ಬಂದುದಲ್ಲವೆಂಬುದನ್ನು ಬಹುಮಂದಿ ಒಪ್ಪುತ್ತಾರೆ. ಐದು ಸ್ಥಾನಗಳಲ್ಲಿ ೧೨೦ ಅಧ್ಯಾಯಗಳು, ಆಮೇಲೆ ಸೇರಿದ ಉತ್ತರತಂತ್ರದಲ್ಲಿ ೬೬ ಅಧ್ಯಾಯಗಳು. ೧೦೧ ಯಂತ್ರಗಳು, ೨೦ ಶಸ್ತ್ರಗಳು, ೧೦೭ ಮರ್ಮಸ್ಥಾನಗಳು, ಎಂಟು ಬಗೆಯ ಶಸ್ತ್ರಕ್ರಿಯೆಗಳು ಅದರಲ್ಲಿ ವರ್ಣಿತವಾಗಿವೆ. ಕಠ್ಮಂಡುವಿನ ಕೈಸರ್ ಗ್ರಂಥಾಲಯದಲ್ಲಿರುವ ತಾಳೆಯೋಲೆಯ ಪ್ರತಿಯೊಂದು ಕ್ರಿಸ್ತಶಕ ೮೭೮ರಲ್ಲಿ ಬರೆದುದು.

ಶಿಷ್ಯನನ್ನು ಸ್ವೀಕರಿಸುವ ವಿಧಿಯಲ್ಲಿಯೇ ಸುಶ್ರುತನ ಸ್ವಭಾವವು ಕಾಣುತ್ತದೆ. ಅಗ್ನಿಸಾಕ್ಷಿಯಾಗಿ ಶಿಷ್ಯನು ಮಾತು ಕೊಡುತ್ತಾನೆ. ಉಗುರು ಕೂದಲುಗಳನ್ನು ಕತ್ತರಿಸಿಕೊಂಡು ಶುಚಿಯಾಗಿರಬೇಕು, ಸತ್ಯವನ್ನು ನುಡಿಯಬೇಕು, ಗುರುವಿನ ಮಾತನ್ನು ಮೀರಬಾರದು. ಆದರೆ ಹಂಗು ಒಂದೇ ಕಡೆಯದಲ್ಲ. ಶಿಷ್ಯನು ನೆಟ್ಟಗೆ ನಡೆಯುತ್ತಿರುವಾಗ ಗುರುವು ಅನ್ಯಥಾ ನಡೆದರೆ ಪಾಪವು ಗುರುವಿಗೆ, ಅವನ ವಿದ್ಯೆಯೂ ನಿಷ್ಫಲ. ಬಡವರು, ಅನಾಥರು, ದೂರದಿಂದ ಬಂದವರು ಇವರಿಗೆ ತನ್ನ ಬಂಧುಗಳಿಗೆಂಬಂತೆ ತನ್ನ ಔಷಧದಿಂದಲೇ ಉಪಚಾರ ಮಾಡಬೇಕೆಂಬ ಕಟ್ಟಳೆಯೂ ಅಲ್ಲಿಯೇ ಇದೆ. ಆಚಾರ್ಯನ ಲಕ್ಷ್ಯವು ಮೊದಲಿನಿಂದಲೂ ಮಂಚದ ಮೇಲೆ ಮಲಗಿದವನ ಕಡೆಗೆ ಇತ್ತೆಂಬುದನ್ನು ಇದರಿಂದ ಅರಿಯಬಹುದು.

ಓದಿನ ವಿಷಯದಲ್ಲಿ ಅವನು ನಿಷ್ಠುರನು. ಶಾಸ್ತ್ರವನ್ನಷ್ಟೇ ಬಲ್ಲವನು ರೋಗಿಯ ಮುಂದೆ, ಯುದ್ಧಭೂಮಿಗೆ ಬಂದ ಹೇಡಿಯಂತೆ ಕಂಗೆಡುತ್ತಾನೆ. ಕೈಕೆಲಸವನ್ನಷ್ಟೇ ಬಲ್ಲವನು ಸಜ್ಜನರ ಮನ್ನಣೆಗೆ ಪಾತ್ರನಲ್ಲ, ರಾಜದಂಡನೆಗೆ ಪಾತ್ರ. ಇಬ್ಬರೂ ಒಂದೇ ರೆಕ್ಕೆಯ ಹಕ್ಕಿಗಳೆಂಬುದು ಅವನ ತೀರ್ಮಾನ. ಈ ಹೋಲಿಕೆಯನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಸುಶ್ರುತನ ಗ್ರಂಥಕ್ಕೆ ಮುಂದೆ ಒದಗಿದ ಗತಿಯೂ ಇದೇ ಆಯಿತು.

ಎರಡನೆಯ ರೆಕ್ಕೆಯನ್ನು ಬೆಳೆಸುವುದಕ್ಕಾಗಿ ಅವನು ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವನ್ನು ಮೀಸಲಿಟ್ಟನು. ಅದರ ಹೆಸರು ಯೋಗ್ಯಾಸೂತ್ರೀಯ. ಇಲ್ಲಿ ಯೋಗ್ಯಾ ಎಂದರೆ ಅಭ್ಯಾಸ, ಸಾಧನೆ. ಸರ್ವಶಾಸ್ತ್ರಗಳನ್ನು ಓದಿ ಮುಗಿಸಿದ ಶಿಷ್ಯನಿಂದಲೂ ಈ ಅಭ್ಯಾಸವನ್ನು ಮಾಡಿಸಬೇಕು. ಎಷ್ಟು ಓದಿದ್ದರೂ ಅಭ್ಯಾಸವಿಲ್ಲದವನು ಕರ್ಮಕ್ಕೆ ಅನರ್ಹನು. ಕತ್ತರಿಸಿ ತೆಗೆಯುವುದನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ತೋರಿಸಿಕೊಡಬೇಕು. ಮೇಲ್ಮುಖವಾಗಿಯೂ ಕೆಳಮುಖವಾಗಿಯೂ ಕೊಯ್ಯುವುದನ್ನು ಇಲ್ಲಿಯೇ ಕಲಿಯಬೇಕು. ಸೀಳುವುದನ್ನು ನೀರು ಕೆಸರು ತುಂಬಿದ ತೊಗಲಿನ ಚೀಲಗಳ ಮೇಲೆ, ಪ್ರಾಣಿಗಳ ಮೂತ್ರಕೋಶಗಳ ಮೇಲೆ; ಕೆರೆಯುವುದನ್ನು ರೋಮವಿರುವ, ಎಳೆದು ಬಿಗಿದ ಚರ್ಮದ ಮೇಲೆ; ಚುಚ್ಚುವುದನ್ನು ಸತ್ತ ಪಶುವಿನ ರಕ್ತನಾಳಗಳಲ್ಲಿ, ನೈದಿಲೆಯ ದಂಟುಗಳಲ್ಲಿ. ಗಾಯದ ಆಳವನ್ನು ಸಲಾಕೆಯಿಂದ ಶೋಧಿಸುವುದಕ್ಕೆ ಹುಳು ಕೊರೆದ ಮರ, ಬಿದಿರು, ಒಣಗಿದ ಸೋರೆಬುರುಡೆಯ ಬಾಯಿ. ಒಳಗೆ ಸಿಕ್ಕಿದುದನ್ನು ಹೊರಗೆಳೆಯುವುದಕ್ಕೆ ಹಲಸು, ತೊಂಡೆ, ಬಿಲ್ವಗಳ ತಿರುಳು ಮತ್ತು ಸತ್ತ ಪ್ರಾಣಿಗಳ ಹಲ್ಲುಗಳು. ಕೀವು ರಕ್ತಗಳನ್ನು ಹರಿಸುವುದಕ್ಕೆ ಜೇನುಮೇಣ ಬಳಿದ ಬೂರುಗದ ಹಲಗೆ. ಹೊಲಿಯುವುದಕ್ಕೆ ತೆಳುವಾದ ಬಟ್ಟೆಯ, ದಪ್ಪವಾದ ಬಟ್ಟೆಯ, ಮೃದುವಾದ ತೊಗಲಿನ ಅಂಚುಗಳು. ಸುಡುವುದಕ್ಕೂ ಕ್ಷಾರ ಹಚ್ಚುವುದಕ್ಕೂ ಮೆತ್ತಗಿನ ಮಾಂಸದ ತುಂಡುಗಳು. ಬಸ್ತಿಯ ನಳಿಗೆಯನ್ನು ಇಡುವುದಕ್ಕೆ ನೀರು ತುಂಬಿದ ಕೊಡದ ಪಕ್ಕದ ಕಿಂಡಿ.

ಈ ಪಟ್ಟಿಯನ್ನು ಮೇಲೆಮೇಲೆ ನೋಡಿದವರಿಗೆ ಮಕ್ಕಳಾಟದಂತೆ ತೋರಬಹುದು. ನಿಧಾನವಾಗಿ ನೋಡಿದರೆ ಅದರ ಹಿಂದಿರುವ ವಿಚಾರವು ಹೊಳೆಯುತ್ತದೆ. ಸೋರೆಕಾಯಿಯು ನೋಡಲು ಮನುಷ್ಯನ ಹೊಟ್ಟೆಯಂತಿಲ್ಲ. ಮೇಣದ ಹಲಗೆಯು ಬಾವಿನಂತಿಲ್ಲ. ಆದರೆ ಶಸ್ತ್ರದ ಅಲಗಿಗೆ ಸಿಪ್ಪೆಯು ಒಡ್ಡುವ ತಡೆ, ಸಿಪ್ಪೆ ದಾಟಿದೊಡನೆ ತಿರುಳಿನೊಳಗೆ ಅಲಗು ಸರ್ರನೆ ಇಳಿಯುವ ಅಪಾಯ, ಇವೆರಡೂ ಅಲ್ಲಿವೆ. ತುಂಬಿದ ತೊಗಲಚೀಲಕ್ಕೆ ಬಾವಿನ ಬಿಗುವು ಇದೆ. ಎಷ್ಟು ಒತ್ತಿದರೆ ಒಡೆಯುವುದು, ಎಲ್ಲಿ ಒತ್ತಿದರೆ ಒಳಗಿನದು ಮುಖಕ್ಕೆ ಚಿಮ್ಮುವುದು ಎಂಬುದನ್ನು ಅದು ಕಲಿಸುತ್ತದೆ. ಹುಳು ಕೊರೆದ ಮರದಲ್ಲಿ ಹಾದಿಯು ಹೇಗೆ ತಿರುಗುವುದೆಂದು ಕಣ್ಣಿಗೆ ಕಾಣದು. ಸಲಾಕೆಯ ತುದಿಗೆ ಮಾತ್ರ ತಿಳಿಯುವುದು. ದೇಹದ ರೂಪವನ್ನು ಬಿಟ್ಟು, ಒಂದೊಂದು ಕ್ರಿಯೆಗೆ ಬೇಕಾದ ಒಂದೊಂದು ಗುಣವನ್ನು ಮಾತ್ರ ಆರಿಸಿ, ಅದನ್ನು ಅಗ್ಗದ ವಸ್ತುವಿನಲ್ಲಿ ಹುಡುಕಿದ್ದು ಸುಶ್ರುತನ ಜಾಣ್ಮೆ. ಕೆಟ್ಟುಹೋದರೆ ಎಸೆದು ಮತ್ತೊಂದನ್ನು ತರಬಹುದು. ನೂರು ಸಲ ತಪ್ಪಬಹುದು. ನೂರು ಸಲವೂ ಯಾರಿಗೂ ನೋವಾಗದು.

ರೂಪವೇ ಮುಖ್ಯವಾದೆಡೆಯಲ್ಲಿ ಅವನು ರೂಪವನ್ನೂ ಬಿಡಲಿಲ್ಲ. ಗಾಯಗಳಿಗೆ ಪಟ್ಟಿ ಕಟ್ಟುವುದನ್ನು ಕಲಿಸಲು ಅಂಗ ಪ್ರತ್ಯಂಗಗಳುಳ್ಳ ಪೂರ್ಣಪ್ರಮಾಣದ ಗೊಂಬೆಮನುಷ್ಯನನ್ನು ಮಾಡಿಸಬೇಕೆಂದಿದ್ದಾನೆ. ಅದಕ್ಕೆ ಅವನಿಟ್ಟ ಹೆಸರು ಪುಸ್ತಮಯ ಪುರುಷ. ಇಲ್ಲಿ ಪುಸ್ತವೆಂದರೆ ಓದುವ ಹೊತ್ತಗೆಯಲ್ಲ; ಮಣ್ಣು, ಬಟ್ಟೆ, ಮರ, ತೊಗಲುಗಳಿಂದ ಆಕೃತಿಗಳನ್ನು ರೂಪಿಸುವ ಕಲೆ. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರ ಕೆಲಸವನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಗುರವಾದ ಮರವನ್ನು ಕೆತ್ತಿ, ಅದರ ಮೇಲೆ ಹುಣಿಸೆಬೀಜದ ಅಂಟಿನೊಡನೆ ಕಲಸಿದ ಮೆತ್ತನೆಯ ಮಿಶ್ರಣವನ್ನು ಹಚ್ಚಿ, ಮೈಕೈಗಳ ಉಬ್ಬುತಗ್ಗುಗಳನ್ನು ಮೂಡಿಸುವ ಆ ಕುಶಲರು ಸುಶ್ರುತನ ಕಾಲದಲ್ಲಿ ಇದ್ದಿದ್ದರೆ ಅವರಿಗೂ ವೈದ್ಯಶಾಲೆಯಲ್ಲಿ ಒಂದು ಮಣೆ ದೊರೆಯುತ್ತಿತ್ತು.

ಗೊಂಬೆಯಾದ ಮೇಲೆ ನಿಜವಾದ ದೇಹ. ದೇಹದ ಒಳಗನ್ನು ಕಣ್ಣಾರೆ ಕಾಣದವನಿಗೆ ಶಸ್ತ್ರವಿದ್ಯೆಯು ದಕ್ಕದೆಂದು ಶಾರೀರಸ್ಥಾನದಲ್ಲಿ ಹೇಳಿದೆ. ವಿಷದಿಂದಾಗಲಿ ದೀರ್ಘರೋಗದಿಂದಾಗಲಿ ಸಾಯದ, ಅತಿ ಮುದುಕನದಲ್ಲದ, ಅಂಗಗಳೆಲ್ಲ ಇರುವ ಶವವನ್ನು ಶೋಧಿಸಿ, ಹುಲ್ಲುನಾರುಗಳಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಮರೆಯಾದ ಕಡೆ ಇರಿಸಬೇಕು. ಏಳು ರಾತ್ರಿಗಳ ತರುವಾಯ ಹೊರತೆಗೆದು ಲಾವಂಚ, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲುಗೊಂಡು ಒಂದೊಂದು ಪದರವನ್ನೂ ನೋಡಬೇಕು. ಶವವನ್ನು ಮುಟ್ಟಿದರೆ ಮೈಲಿಗೆಯೆಂಬ ಭಾವನೆಯಿದ್ದ ಸಮಾಜದಲ್ಲಿ ಇದನ್ನು ಬರೆಯಲು ಎದೆಗಾರಿಕೆ ಬೇಕಾಗಿದ್ದಿತು.

ಹೀಗೆ ಕಲಿತವನು ನಿಜವಾಗಿ ಕಲಿತಿದ್ದಾನೆಯೆ ಎಂದು ನಿರ್ಣಯಿಸುವ ಬಗೆ ಹೇಗೆ? ಇದಕ್ಕೂ ಸುಶ್ರುತನಲ್ಲಿ ಉತ್ತರದ ಮೊಳಕೆಯಿದೆ. ಶಸ್ತ್ರವೈದ್ಯನಲ್ಲಿ ಮೆಚ್ಚತಕ್ಕ ಗುಣಗಳನ್ನು ಅವನು ಎಣಿಸಿ ಹೇಳಿದ್ದಾನೆ: ಧೈರ್ಯ, ಕೆಲಸದಲ್ಲಿ ಚುರುಕು, ಶಸ್ತ್ರದ ಹರಿತ, ಬೆವರದೆ ನಡುಗದೆ ಇರುವುದು, ಕಂಗೆಡದಿರುವುದು. ಇವೆಲ್ಲವೂ ಎದುರಿಗೆ ನಿಂತು ನೋಡಿದವನಿಗೆ ಕಾಣುವ ಗುಣಗಳು. ಬಾಯಿಪಾಠ ಒಪ್ಪಿಸಿ ತೋರಿಸಲಾಗದವು. ಅನಂತರದ ಅಧ್ಯಾಯದಲ್ಲಿ, ವೃತ್ತಿಗಾಗಿ ಬೀದಿಗೆ ಕಾಲಿಡುವವನು ಶಾಸ್ತ್ರವನ್ನು ಓದಿ, ಅರ್ಥವನ್ನು ಗ್ರಹಿಸಿ, ಕರ್ಮವನ್ನು ಕಂಡು, ತಾನೂ ಅಭ್ಯಾಸ ಮಾಡಿ, ಕಟ್ಟಕಡೆಗೆ ರಾಜನ ಅನುಜ್ಞೆಯನ್ನು ಪಡೆದಿರಬೇಕೆಂದು ವಿಧಿಸಿದ್ದಾನೆ. ಅಜ್ಞ ವೈದ್ಯರು ಊರಿನಲ್ಲಿ ತಿರುಗಾಡಿಕೊಂಡಿದ್ದರೆ ಅದು ರಾಜನ ದೋಷ. ಆದರೆ ಅನುಜ್ಞೆಯನ್ನು ಕೊಡುವ ಮುನ್ನ ಶಿಷ್ಯನ ಕೈಯನ್ನು ಪರೀಕ್ಷಿಸುವವರು ಯಾರು, ಯಾವ ಅಳತೆಗೋಲಿನಿಂದ, ಎಷ್ಟಾದರೆ ಸಾಕು ಎಂಬ ವಿವರವನ್ನು ಗ್ರಂಥವು ಕೊಡುವುದಿಲ್ಲ. ಕಲಿಸುವ ವಿಧಾನವು ಪೂರ್ಣವಾಗಿತ್ತು; ಅಳೆಯುವ ವಿಧಾನವು ಗುರುವಿನ ಕಣ್ಣಿಗೂ ರಾಜನ ವಿವೇಕಕ್ಕೂ ಬಿಟ್ಟಿತ್ತು.

ತನ್ನ ವಿದ್ಯೆಯ ಮಿತಿಯನ್ನು ಅವನು ಮರೆಮಾಚಲಿಲ್ಲ. ಮೂತ್ರಕೋಶದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಕ್ರಮವನ್ನು ಹೇಳುವಾಗ, ಎಂಥ ನಿಪುಣನಿಗೂ ಇಲ್ಲಿ ಸಿದ್ಧಿಯು ನಿಶ್ಚಿತವಲ್ಲವೆಂದು ಎಚ್ಚರಿಸುತ್ತಾನೆ. ಸುಮ್ಮನಿದ್ದರೆ ಸಾವು ಖಂಡಿತ, ಕೈಹಾಕಿದರೆ ಉಳಿವು ಸಂದೇಹ. ಆದುದರಿಂದ ಒಡೆಯನ ಅಪ್ಪಣೆ ಪಡೆದೇ ಮುಂದುವರಿಯಬೇಕು. ಪಳಗಿದ ಕೈಯೇ ಹೀಗೆ ಹಿಂಜರಿಯಬೇಕಾದೆಡೆಯಲ್ಲಿ ಪಳಗದ ಕೈಗೆ ಅವಕಾಶವೆಲ್ಲಿ?

ಅವನ ಕೀರ್ತಿಯನ್ನು ಲೋಕದಲ್ಲೆಲ್ಲ ಹರಡಿದ್ದು ಕತ್ತರಿಸಿಹೋದ ಮೂಗನ್ನು ಮರಳಿ ಕಟ್ಟುವ ಕ್ರಿಯೆ. ಇಲ್ಲಿಯೂ ಮೊದಲು ಬರುವುದು ಒಂದು ಮಾದರಿಯೇ. ಮೂಗಿನ ಅಳತೆಗೆ ಸರಿಯಾದ ಎಲೆಯೊಂದನ್ನು ತೆಗೆದುಕೊಂಡು, ಅದೇ ಅಳತೆಯ ಚರ್ಮವನ್ನು ಕೆನ್ನೆಯಿಂದ ಬಿಡಿಸಿ, ಒಂದು ಕಡೆ ಅಂಟಿಕೊಂಡಿರುವಂತೆಯೇ ಉಳಿಸಿ, ಮೂಗಿನ ಮೊಂಡಿಯನ್ನು ಕೆರೆದು ಅದಕ್ಕೆ ಜೋಡಿಸಬೇಕು. ಉಸಿರಾಟಕ್ಕೆ ಎರಡು ಕೊಳವೆಗಳನ್ನು ಇರಿಸಬೇಕು. ತಪ್ಪನ್ನು ಎಲೆಯ ಮೇಲೆ ತಿದ್ದಬಹುದು. ಕೆನ್ನೆಯ ಮೇಲೆ ತಿದ್ದಲಾಗದು.

ಗುರುಕುಲದಿಂದ ಹೊರಟ ಗ್ರಂಥವು ದೂರದೂರಕ್ಕೆ ಪಯಣಿಸಿತು. ಬಾಗ್ದಾದಿನಲ್ಲಿ ಖಲೀಫರ ಮಂತ್ರಿಯಾಗಿದ್ದ ಯಹ್ಯಾ ಇಬ್ನ್ ಖಾಲಿದನು ಅದನ್ನು ಅರಬ್ಬಿ ಭಾಷೆಗೆ ತರಿಸಿದನು. ಹನ್ನೊಂದನೆಯ ಶತಮಾನದಲ್ಲಿ ಚಕ್ರಪಾಣಿದತ್ತನೂ ಹನ್ನೆರಡನೆಯ ಶತಮಾನದಲ್ಲಿ ಡಲ್ಹಣನೂ ವ್ಯಾಖ್ಯಾನಗಳನ್ನು ರಚಿಸಿದರು. ಶಲ್ಯತಂತ್ರವೆಂಬ ಶಾಸ್ತ್ರವು ಕನ್ನಡನಾಡಿಗೂ ಅಪರಿಚಿತವಾಗಿರಲಿಲ್ಲ. ಕೊಪಣನಗರವನ್ನು, ಎಂದರೆ ಇಂದಿನ ಕೊಪ್ಪಳವನ್ನು, ತಿರುಳ್ಗನ್ನಡದ ನಾಡಿನೊಳಗೆ ಎಣಿಸಿದ ಕವಿರಾಜಮಾರ್ಗವು ಹುಟ್ಟಿದ್ದು ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ. ಅದೇ ಆಸ್ಥಾನದೊಡನೆ ಸಂಬಂಧವಿದ್ದ ಜೈನವೈದ್ಯ ಉಗ್ರಾದಿತ್ಯಾಚಾರ್ಯನು ತನ್ನ ಕಲ್ಯಾಣಕಾರಕದಲ್ಲಿ, ಶಲ್ಯತಂತ್ರವನ್ನು ಹೇಳಿದ ಪೂರ್ವಾಚಾರ್ಯನೊಬ್ಬನನ್ನು ಗೌರವದಿಂದ ನೆನೆದಿದ್ದಾನೆ.

ಆದರೆ ಕಾಲ ಸರಿದಂತೆ ಹಕ್ಕಿಯ ಎರಡು ರೆಕ್ಕೆಗಳು ಬೇರೆ ಬೇರೆಯಾದುವು. ಗ್ರಂಥವು ಪಂಡಿತರ ಮನೆಗಳಲ್ಲಿ ಉಳಿಯಿತು. ಅಲ್ಲಿ ಅದನ್ನು ಓದಿದರು, ಬಾಯಿಪಾಠ ಮಾಡಿದರು, ಟೀಕೆ ಬರೆದರು. ಶಸ್ತ್ರವನ್ನು ಹಿಡಿಯುವ ಕೈಗಳು ಬಹುಮಟ್ಟಿಗೆ ಓದು ಬರಹಗಳಿಂದ ದೂರವಿದ್ದ ಕುಲಗಳಲ್ಲಿ ಉಳಿದುವು. ಅಲ್ಲಿ ತಂದೆಯಿಂದ ಮಗನಿಗೆ ಕೈಕೆಲಸವಷ್ಟೇ ಸಾಗಿತು. ಓದಿದವನು ಕತ್ತರಿಸಲಾರ, ಕತ್ತರಿಸುವವನು ಓದಲಾರ. ಸುಶ್ರುತನು ಯಾವುದನ್ನು ಕಂಡು ಅಂಜಿದ್ದನೋ ಅದೇ ಆಯಿತು.

ಈ ಒಡಕನ್ನು ಲೋಕಕ್ಕೆ ತೋರಿಸಿಕೊಟ್ಟ ಘಟನೆಯು ನಮ್ಮ ನೆಲವನ್ನು ನಡುಗಿಸಿದ ಒಂದು ಯುದ್ಧದಲ್ಲಿ ಹುಟ್ಟಿತು. ೧೭೮೬ರಲ್ಲಿ ಟಿಪ್ಪು ಸುಲ್ತಾನನು ಕೊಪ್ಪಳದ ಕೋಟೆಯನ್ನು ವಶಪಡಿಸಿಕೊಂಡು, ಫ್ರೆಂಚ್ ಶಿಲ್ಪಿಗಳ ನೆರವಿನಿಂದ ಅದನ್ನು ಭದ್ರಪಡಿಸಿದ್ದನು. ೧೭೯೦ರಲ್ಲಿ ಮೂರನೆಯ ಮೈಸೂರು ಯುದ್ಧವು ಹೊತ್ತಿಕೊಂಡಾಗ ನಿಜಾಮನ ಮತ್ತು ಇಂಗ್ಲಿಷರ ಪಡೆಗಳು ಈ ಕೋಟೆಗೆ ಲಗ್ಗೆಯಿಟ್ಟುವು. ತಿಂಗಳುಗಟ್ಟಲೆ ಕಾದಮೇಲೆ ಮಾತ್ರ ಅದು ಕೈಸೇರಿತು. ಮುಂದೆ ಹೆಸರಾಂತ ಆಡಳಿತಗಾರನೂ ಇತಿಹಾಸಕಾರನೂ ಆದ ಜಾನ್ ಮಾಲ್ಕಂ ಆ ಮುತ್ತಿಗೆಯಲ್ಲಿದ್ದ ತರುಣ ಅಧಿಕಾರಿ. ಅದೇ ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿದನು. ಅವನ ಮೂಗನ್ನೂ ಒಂದು ಕೈಯನ್ನೂ ಕಡಿದು ಬಿಟ್ಟರು. ಮೂಗಿಲ್ಲದೆ ಸುಮಾರು ಒಂದು ವರ್ಷ ಕಳೆದ ಮೇಲೆ ಅವನು ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬ ಮರಾಠಿಯ ಬಳಿಗೆ ಹೋದನು. ಆ ಕುಶಲಿಯು ಮೊದಲು ತೆಳುವಾದ ಮೇಣದ ಹಾಳೆಯಿಂದ ಮೂಗೊಂದನ್ನು ರೂಪಿಸಿ ಮುಖದ ಮೇಲಿಟ್ಟು ನೋಡಿದನು. ಅದು ಸರಿಯಾಗಿ ಕೂತ ಮೇಲೆ ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲೆ ಹರಡಿ ಸುತ್ತಲೂ ಗೆರೆಯೆಳೆದನು. ಆ ಗೆರೆಯೊಳಗಿನ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಅಂಟಿಕೊಂಡಿರುವಂತೆ ಬಿಟ್ಟು, ತಿರುಗಿಸಿ ಕೆಳಗಿಳಿಸಿ ಜೋಡಿಸಿದನು. ಮುಂಬಯಿ ಪ್ರಾಂತದ ಇಬ್ಬರು ಇಂಗ್ಲಿಷ್ ವೈದ್ಯರು ಈ ಕ್ರಿಯೆಯನ್ನು ಕಣ್ಣಾರೆ ಕಂಡಿದ್ದರು. ಇದರ ವರ್ಣನೆಯೂ ಚಿತ್ರವೂ ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಪತ್ರಿಕೆಯಲ್ಲಿ ಪ್ರಕಟವಾದುವು.

ಹಣೆಯ ಚರ್ಮವನ್ನು ಬಳಸುವ ಈ ಕ್ರಮವು ಸುಶ್ರುತನದಲ್ಲ. ಅವನದು ಕೆನ್ನೆಯ ಚರ್ಮ. ಅಲ್ಲಿ ಎಲೆ, ಇಲ್ಲಿ ಮೇಣ. ಆದರೆ ಮೊದಲು ಜಡವಸ್ತುವಿನ ಮೇಲೆ ಅಳೆದು ಸರಿಪಡಿಸಿಕೊಂಡು ಆಮೇಲೆ ಮೈಯನ್ನು ಮುಟ್ಟುವ ವಿವೇಕವು ಒಂದೇ. ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಎಂಬವನು ಈ ಕ್ರಿಯೆಯನ್ನು ಶವಗಳ ಮೇಲೆ ಅನೇಕ ವರ್ಷ ಅಭ್ಯಾಸ ಮಾಡಿ, ೧೮೧೪ರ ಅಕ್ಟೋಬರ್ ೨೩ರಂದು ಮೊದಲ ಸಲ ರೋಗಿಯ ಮೇಲೆ ಕೈಗೊಂಡನು. ೧೮೧೬ರಲ್ಲಿ ಅದರ ವಿಷಯವಾಗಿ ಗ್ರಂಥವನ್ನೂ ಪ್ರಕಟಿಸಿದನು. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಈ ದಿನಕ್ಕೆ ದೊಡ್ಡ ಸ್ಥಾನವಿದೆ. ಆದರೆ ಪುಣೆಯ ಆ ಇಟ್ಟಿಗೆಯವನ ಹೆಸರನ್ನು ಆ ವರ್ಣನೆಯು ಕೊಟ್ಟಿಲ್ಲ.

ಬೇರೆಯಾದ ರೆಕ್ಕೆಗಳು ಒಬ್ಬನೇ ವ್ಯಕ್ತಿಯಲ್ಲಿ ಮತ್ತೆ ಕೂಡಿದ್ದು ಕಲ್ಕತ್ತೆಯಲ್ಲಿ. ಸಂಸ್ಕೃತ ಕಾಲೇಜಿನಲ್ಲಿ ವೈದ್ಯಶಾಸ್ತ್ರ ಬೋಧಿಸುತ್ತಿದ್ದ ಪಂಡಿತ ಮಧುಸೂದನ ಗುಪ್ತನು ೧೮೩೫-೩೬ರಲ್ಲಿ ಸುಶ್ರುತಸಂಹಿತೆಯನ್ನು ಮೊಟ್ಟಮೊದಲು ಅಚ್ಚಿಗೆ ತಂದನು. ೧೮೩೬ರಲ್ಲಿ ಅವನೇ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಸಂಪ್ರದಾಯದ ಬೆದರಿಕೆಯನ್ನು ಲೆಕ್ಕಿಸದೆ ಮನುಷ್ಯಶವವನ್ನು ಕೊಯ್ದು ನೋಡಿದನು. ಗ್ರಂಥವನ್ನು ಓದಿದ ಕೈಯೇ ಶಸ್ತ್ರವನ್ನೂ ಹಿಡಿಯಿತು.

ಸುಶ್ರುತನು ಬಿಟ್ಟಿದ್ದ ಇನ್ನೊಂದು ಎಡೆಯನ್ನು, ಎಂದರೆ ಅಳೆಯುವ ಕ್ರಮವನ್ನು, ತುಂಬಿದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ೧೯೯೦ರ ದಶಕದಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಶಸ್ತ್ರವೈದ್ಯರು, ಕಲಿಯುವವರನ್ನು ಮೇಜಿನ ಮೇಲಿಟ್ಟ ಮಾದರಿಗಳ ಮುಂದೆ ನಿಲ್ಲಿಸಿ, ಅನುಭವಿಗಳಾದ ಪರೀಕ್ಷಕರಿಂದ ಅವರ ಕೈಗೆ ಅಂಕ ಹಾಕಿಸುವ ಪದ್ಧತಿಯನ್ನು ರೂಪಿಸಿದರು. ಮೈಯ ಭಾಗಗಳನ್ನು ಜೋಪಾನವಾಗಿ ಮುಟ್ಟಿದನೆ, ವ್ಯರ್ಥವಾಗಿ ಕೈಯಾಡಿಸಿದನೆ, ಉಪಕರಣವನ್ನು ಸರಿಯಾಗಿ ಹಿಡಿದನೆ, ತಡವರಿಸದೆ ಮುಂದುವರಿದನೆ ಎಂಬಂಥ ಪ್ರಶ್ನೆಗಳಿಗೆ ಒಂದರಿಂದ ಐದರವರೆಗೆ ಅಂಕ. ನಡುಗದಿರುವುದು, ಕಂಗೆಡದಿರುವುದು, ಚುರುಕು ಎಂದು ಸುಶ್ರುತನು ಎಣಿಸಿದ ಗುಣಗಳಿಗೂ ಇವಕ್ಕೂ ಇರುವ ನಂಟನ್ನು ಯಾರಾದರೂ ಗುರುತಿಸಬಹುದು. ೨೦೦೨ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ೧೬ ಮಂದಿ ಕಿರಿಯ ಶಸ್ತ್ರವೈದ್ಯರ ಪರೀಕ್ಷೆಯೊಂದರ ಫಲವನ್ನು ಪ್ರಕಟಿಸಿದರು. ಗಣಕಯಂತ್ರದ ಪರದೆಯ ಮೇಲೆ ಮೊದಲು ಪಳಗಿದವರು ಪಿತ್ತಕೋಶದ ಶಸ್ತ್ರಕ್ರಿಯೆಯಲ್ಲಿ ಉಳಿದವರಿಗಿಂತ ಶೇಕಡ ೨೯ರಷ್ಟು ಬೇಗ ಕೆಲಸ ಮುಗಿಸಿದರು. ಅವರ ತಪ್ಪುಗಳಾದರೋ ಬಹಳ ಕಡಮೆ. ಸೋರೆಕಾಯಿಯ ಮೇಲೆ ಪಳಗಿದ ಕೈಯು ಮನುಷ್ಯನ ಮೈಯಲ್ಲಿ ಕಡಮೆ ತಪ್ಪುವುದೆಂಬ ಸುಶ್ರುತನ ನಂಬಿಕೆಗೆ ಇದು ಎಣಿಕೆಯ ಆಧಾರವನ್ನು ಒದಗಿಸಿತು.

ಭಾರತದಲ್ಲಿ ೨೦೧೯ರಿಂದ ಜಾರಿಗೆ ಬಂದ ವೈದ್ಯಶಿಕ್ಷಣದ ಹೊಸ ನಿಯಮಗಳು ಪ್ರತಿಯೊಂದು ವೈದ್ಯಕೀಯ ಕಾಲೇಜಿನಲ್ಲಿಯೂ ಸ್ಕಿಲ್ ಲ್ಯಾಬ್ ಎಂಬ ಕೌಶಲ ಪ್ರಯೋಗಶಾಲೆಯು ಇರಬೇಕೆಂದು ವಿಧಿಸಿವೆ. ಹೊಲಿಗೆ ಹಾಕುವುದನ್ನೂ ನಾಳಕ್ಕೆ ಸೂಜಿ ಚುಚ್ಚುವುದನ್ನೂ ವಿದ್ಯಾರ್ಥಿಗಳು ರಬ್ಬರಿನ ಚರ್ಮದ ಮೇಲೆ, ಕೃತಕ ತೋಳಿನ ಮೇಲೆ ಕಲಿತು ತೋರಿಸಬೇಕು. ಕೊಪ್ಪಳದಲ್ಲಿ ಸರಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ೨೦೧೫ರಲ್ಲಿ ಪ್ರಾರಂಭವಾಯಿತು. ಈ ನಿಯಮವು ಅದಕ್ಕೂ ಅನ್ವಯಿಸುತ್ತದೆ. ಯಲಬುರ್ಗಾ ಕುಷ್ಟಗಿಗಳ ಬೆದ್ದಲು ಹೊಲಗಳಿಂದಲೂ ಗಂಗಾವತಿಯ ಗದ್ದೆಗಳಿಂದಲೂ ಕುಡುಗೋಲು ತಗಲಿದ ಕೈಯನ್ನೋ ಮುರಿದ ಕಾಲನ್ನೋ ಹೊತ್ತು ಸರಕಾರಿ ಆಸ್ಪತ್ರೆಗೆ ಬರುವವನು ವೈದ್ಯನ ಅಂಕಪಟ್ಟಿಯನ್ನು ಕೇಳುವವನಲ್ಲ. ಅವನ ಪರವಾಗಿ ಅದನ್ನು ಮೊದಲೇ ಕೇಳಿ ನೋಡಬೇಕಾದುದು ಗುರುವಿನ ಧರ್ಮ, ರಾಜ್ಯದ ಧರ್ಮ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಸುಶ್ರುತನ ಹೆಸರನ್ನು ಹೇಳಿ ಹೆಮ್ಮೆಪಡುವುದು ಸುಲಭ. ಪ್ರತಿಮೆ ನಿಲ್ಲಿಸುವುದೂ ಸುಲಭ. ಕೊಠಡಿಯೊಂದಕ್ಕೆ ಪ್ರಯೋಗಶಾಲೆಯ ಹಲಗೆ ತೂಗುಹಾಕಿ, ಬೆಲೆಬಾಳುವ ಗೊಂಬೆಗಳನ್ನು ತಂದು ಬೀಗ ಹಾಕಿಡುವುದು 
ಅದಕ್ಕಿಂತಲೂ ಸುಲಭ. ಆಚಾರ್ಯನು ಕೇಳಿದ್ದು ದುಬಾರಿಯಾದ ಯಂತ್ರವನ್ನಲ್ಲ. ಅವನು ಕೇಳಿದ್ದು ಒಂದು ಸೋರೆಕಾಯಿ, ಒಂದು ಹರಿತವಾದ ಅಲಗು, ಪಕ್ಕದಲ್ಲಿ ನಿಂತು ನೋಡುವ ಗುರು, ಮತ್ತು ಸರಿಯಾಗುವವರೆಗೆ ಮತ್ತೆ ಮತ್ತೆ ಮಾಡುವ ತಾಳ್ಮೆ. ಇವುಗಳಲ್ಲಿ ಮೊದಲನೆಯದು ನಮ್ಮ ಸಂತೆಗಳಲ್ಲಿ ಯಥೇಚ್ಛವಾಗಿ ದೊರೆಯುತ್ತದೆ. ಉಳಿದವನ್ನು ನಮ್ಮ ವಿದ್ಯಾಶಾಲೆಗಳು ಒದಗಿಸಿಕೊಡಬೇಕು.